ಬೃಹತ್ ಮುಕ್ತ ಆನ್‌ಲೈನ್ ಕೋರ್ಸುಗಳ ವಿನ್ಯಾಸ: ಅಂತರ್‌ಶಿಸ್ತೀಯ ನೆಲೆಗಳು ಮತ್ತು ಕನ್ನಡದ ಸಾಧ್ಯತೆಗಳು

ವಿಶ್ವವಿದ್ಯಾಲಯದ ಪಾಠವು ತರಗತಿಯ ಗೋಡೆಗಳನ್ನು ದಾಟಿ ಹೊರಗಿನ ಸಮುದಾಯವನ್ನು ತಲುಪಬೇಕೆಂಬ ಹಂಬಲ ಹೊಸತೇನಲ್ಲ. ಕನ್ನಡದ ಮಟ್ಟಿಗೆ ಹೇಳುವುದಾದರೆ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಏರ್ಪಡಿಸಿದ ಪ್ರಚಾರೋಪನ್ಯಾಸಗಳೂ ಅವುಗಳ ಫಲವಾಗಿ ಬಂದ ಕಿರುಹೊತ್ತಗೆಗಳೂ ಈ ಹಂಬಲದಿಂದಲೇ ಹುಟ್ಟಿದವು. ಸಾಹಿತ್ಯ, ವಿಜ್ಞಾನ, ಆರೋಗ್ಯ ಮೊದಲಾದ ವಿಷಯಗಳನ್ನು ಪದವಿಯ ಹಂಗಿಲ್ಲದ ಓದುಗರಿಗೆ ತಿಳಿಗನ್ನಡದಲ್ಲಿ ಮುಟ್ಟಿಸುವುದು ಅವುಗಳ ಉದ್ದೇಶವಾಗಿತ್ತು. ಮುಂದೆ 1969ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಅಂಚೆ ಶಿಕ್ಷಣ ಸಂಸ್ಥೆ ಆರಂಭವಾಯಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಂತರ್ಜಾಲದ ಮೂಲಕ ಏಕಕಾಲದಲ್ಲಿ ಸಾವಿರಾರು ಜನರಿಗೆ ಕಲಿಸುವ ಅಲ್ಪಾವಧಿ ಕೋರ್ಸುಗಳು ಈ ಪರಂಪರೆಯ ಇತ್ತೀಚಿನ ಘಟ್ಟವೆನ್ನಬಹುದು. ಇಂತಹ ಕೋರ್ಸುಗಳು ಬೇರೆ ಬೇರೆ ಜ್ಞಾನಶಿಸ್ತುಗಳ ಕಲಿಕೆದಾರರನ್ನು ಒಟ್ಟಿಗೆ ಸೆಳೆದದ್ದು ಹೇಗೆ, ಅವುಗಳ ವಿನ್ಯಾಸದ ಹಿಂದಿನ ತತ್ವಗಳೇನು, ಆ ತತ್ವಗಳು ಕನ್ನಡ ವಿಭಾಗಗಳಿಗೆ ಎಷ್ಟರಮಟ್ಟಿಗೆ ಪ್ರಸ್ತುತ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಹಿನ್ನೆಲೆ

‘ಬೃಹತ್ ಮುಕ್ತ ಆನ್‌ಲೈನ್ ಕೋರ್ಸ್’ ಎಂಬ ಪರಿಕಲ್ಪನೆ 2008ರಲ್ಲಿ ಬಳಕೆಗೆ ಬಂದಿತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಮೂಲಕ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಅವರು ಕಲಿಕಾ ಸಿದ್ಧಾಂತವೊಂದನ್ನು ಕುರಿತು ನಡೆಸಿದ ಕೋರ್ಸಿಗೆ ಶುಲ್ಕ ತೆತ್ತ ವಿದ್ಯಾರ್ಥಿಗಳು ಸುಮಾರು 25 ಮಂದಿ. ಅಂತರ್ಜಾಲದಲ್ಲಿ ಉಚಿತವಾಗಿ ಸೇರಿಕೊಂಡವರು ಎರಡು ಸಾವಿರಕ್ಕೂ ಹೆಚ್ಚು. ಅಲ್ಲಿ ಪಾಠವೆಂದರೆ ಉಪನ್ಯಾಸವಾಗಿರಲಿಲ್ಲ. ಕಲಿಕೆದಾರರು ಪರಸ್ಪರ ಬರೆದು, ಓದಿ, ಪ್ರತಿಕ್ರಿಯಿಸುವ ಒಂದು ಜಾಲವಾಗಿತ್ತು.

ಆದರೆ ಈ ಮಾದರಿಗೆ ಲೋಕಪ್ರಸಿದ್ಧಿ ದೊರೆತದ್ದು 2011ರಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅವರು ಕೃತಕ ಬುದ್ಧಿಮತ್ತೆಯನ್ನು ಕುರಿತು ನೀಡಿದ ಉಚಿತ ಕೋರ್ಸಿಗೆ ಸುಮಾರು 1,60,000 ಜನ ಹೆಸರು ನೋಂದಾಯಿಸಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಪೂರೈಸಿದರು. 2012ರಲ್ಲಿ ಉಡಾಸಿಟಿ, ಕೋರ್ಸೆರಾ, ಎಡ್‌ಎಕ್ಸ್ ಸಂಸ್ಥೆಗಳು ಒಂದರ ಹಿಂದೆ ಒಂದರಂತೆ ಆರಂಭವಾದವು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಜೊತೆಗೂಡಿ ಕಟ್ಟಿದ ಎಡ್‌ಎಕ್ಸ್‌ನ ಮೊದಲ ಮುಖ್ಯಸ್ಥರಾದ ಅನಂತ್ ಅಗರ್‌ವಾಲ್ ಅವರು ಮಂಗಳೂರಿನಲ್ಲಿ ಬೆಳೆದವರೆಂಬುದು ಇಲ್ಲಿ ಉಲ್ಲೇಖನೀಯ. 2012ರಲ್ಲಿ ಅವರ ನೇತೃತ್ವದಲ್ಲಿ ನಡೆದ ವಿದ್ಯುನ್ಮಂಡಲಗಳ ಕೋರ್ಸಿಗೆ ಸುಮಾರು 1,55,000 ಜನ ಸೇರಿ, 7,157 ಜನ ತೇರ್ಗಡೆಯಾದರು.

ಈ ಅಂಕಿಗಳನ್ನು ಎರಡು ಬಗೆಯಾಗಿ ಓದಲು ಸಾಧ್ಯವಿದೆ. ಏಳು ಸಾವಿರ ಜನರು ಕಠಿಣವಾದ ಎಂಜಿನಿಯರಿಂಗ್ ಪಾಠವೊಂದನ್ನು ಪೂರೈಸಿದರೆಂಬುದು ಒಂದು ಬಗೆ. ಸೇರಿದ ಪ್ರತಿ ನೂರರಲ್ಲಿ ತೊಂಬತ್ತೈದು ಮಂದಿ ನಡುದಾರಿಯಲ್ಲೇ ಉಳಿದರೆಂಬುದು ಇನ್ನೊಂದು ಬಗೆ. ಇವೆರಡರಲ್ಲಿ ಯಾವುದನ್ನು ಮುಖ್ಯವೆಂದು ಭಾವಿಸಲಾಗುತ್ತದೆ ಎಂಬುದರ ಮೇಲೆಯೇ ಕೋರ್ಸಿನ ವಿನ್ಯಾಸ ನಿಂತಿರುತ್ತದೆ.

2. ವಿಸ್ತಾರವೆಂದರೇನು?

ಹಲವು ಶಿಸ್ತುಗಳ ಕಲಿಕೆದಾರರನ್ನು ಆಕರ್ಷಿಸಬೇಕಾದರೆ ಹಲವು ಶಿಸ್ತುಗಳ ವಿಷಯಗಳನ್ನು ತುಂಬಬೇಕೆಂಬ ಗ್ರಹಿಕೆ ಸಾಮಾನ್ಯವಾಗಿದೆ. ‘ಪರಿಚಯ’, ‘ಸಮೀಕ್ಷೆ’, ‘ಸ್ಥೂಲನೋಟ’ ಎಂಬ ಹೆಸರಿನ ಪಠ್ಯಕ್ರಮಗಳು ಈ ಗ್ರಹಿಕೆಯ ಫಲಗಳು. ಆದರೆ ಯಶಸ್ವಿಯಾದ ಕೋರ್ಸುಗಳನ್ನು ಗಮನಿಸಿದಾಗ ಇದಕ್ಕೆ ವ್ಯತಿರಿಕ್ತವಾದ ಸಂಗತಿ ಗೋಚರಿಸುತ್ತದೆ. ಅವುಗಳ ವಿಸ್ತಾರವು ವಿಷಯಗಳ ಸಂಖ್ಯೆಯಿಂದ ಬಂದುದಲ್ಲ. ಎಲ್ಲರೂ ತಮ್ಮದೆಂದು ಭಾವಿಸಬಹುದಾದ ಒಂದು ಪ್ರಶ್ನೆಯಿಂದ ಬಂದುದು.

ಇದಕ್ಕೆ ಸ್ಪಷ್ಟವಾದ ನಿದರ್ಶನವೆಂದರೆ 2014ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆಸರಿನಲ್ಲಿ ಕೋರ್ಸೆರಾ ಮೂಲಕ ಆರಂಭವಾದ ‘ಲರ್ನಿಂಗ್ ಹೌ ಟು ಲರ್ನ್’ ಎಂಬ ನಾಲ್ಕು ವಾರಗಳ ಕೋರ್ಸು. ಅದನ್ನು ರೂಪಿಸಿದವರು ಎಂಜಿನಿಯರಿಂಗ್ ಪ್ರಾಧ್ಯಾಪಕಿ ಬಾರ್ಬರಾ ಓಕ್ಲಿ ಮತ್ತು ನರವಿಜ್ಞಾನಿ ಟೆರೆನ್ಸ್ ಸೆಜ್ನೋಸ್ಕಿ. ಓಕ್ಲಿಯವರು ಮೊದಲು ರಷ್ಯನ್ ಭಾಷೆಯನ್ನು ಕಲಿತು, ಅನಂತರ ಗಣಿತ ಮತ್ತು ಎಂಜಿನಿಯರಿಂಗ್ ಕಡೆಗೆ ಹೊರಳಿದವರು. ಮನುಷ್ಯ ಹೇಗೆ ಕಲಿಯುತ್ತಾನೆ, ಏಕೆ ಮರೆಯುತ್ತಾನೆ, ಕೆಲಸವನ್ನು ಏಕೆ ಮುಂದೂಡುತ್ತಾನೆ ಎಂಬ ಪ್ರಶ್ನೆಗಳೇ ಕೋರ್ಸಿನ ತಿರುಳು. ನರವಿಜ್ಞಾನವಾಗಲಿ ಮನೋವಿಜ್ಞಾನವಾಗಲಿ ಅಲ್ಲಿ ಸ್ವತಂತ್ರ ಅಧ್ಯಾಯಗಳಾಗಿ ಬರುವುದಿಲ್ಲ. ಪ್ರಶ್ನೆಯನ್ನು ಬಿಡಿಸಲು ಅಗತ್ಯವಿರುವಷ್ಟೇ ಬರುತ್ತವೆ. ಮನೆಯ ನೆಲಮಾಳಿಗೆಯಲ್ಲಿ ಸುಮಾರು ಐದು ಸಾವಿರ ಡಾಲರುಗಳ ಅಲ್ಪ ವೆಚ್ಚದಲ್ಲಿ ಚಿತ್ರೀಕರಣಗೊಂಡ ಈ ಕೋರ್ಸಿಗೆ 2017ರ ವೇಳೆಗೆ ಹದಿನೆಂಟು ಲಕ್ಷ ಜನ ಸೇರಿದ್ದರು. ಸಲಕರಣೆಗಳ ವೈಭವಕ್ಕಿಂತ ಪ್ರಶ್ನೆಯ ಆಯ್ಕೆಯೇ ನಿರ್ಣಾಯಕವೆಂಬುದು ಇದರಿಂದ ವಿದಿತವಾಗುತ್ತದೆ.

3. ಸಾಹಿತ್ಯ ಪಾಠದ ನಿದರ್ಶನ

ಮೇಲಿನ ನಿದರ್ಶನವು ಉಪಯುಕ್ತತೆಯ ನೆಲೆಯದು. ತಕ್ಷಣದ ಉಪಯೋಗವಿಲ್ಲದ ಸಾಹಿತ್ಯದಂತಹ ವಿಷಯವನ್ನು ಸಾವಿರಾರು ಜನರಿಗೆ ಒಟ್ಟಿಗೆ ಕಲಿಸುವುದು ಸಾಧ್ಯವೇ ಎಂಬ ಸಂದೇಹ ಸಹಜ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ ಫಿಲ್‌ರೈಸ್ ಅವರು 2012ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಆಧುನಿಕ ಮತ್ತು ಸಮಕಾಲೀನ ಅಮೆರಿಕನ್ ಕಾವ್ಯದ ಕೋರ್ಸು ಈ ಸಂದೇಹಕ್ಕೆ ಉತ್ತರವಾಗಿ ನಿಂತಿದೆ. ಹತ್ತು ವಾರಗಳ ಈ ಕೋರ್ಸಿಗೆ ಮೊದಲ ಬಾರಿಯೇ ಸುಮಾರು 36,000 ಜನ ಸೇರಿದರು. ಎಮಿಲಿ ಡಿಕಿನ್‌ಸನ್ ಮತ್ತು ವಾಲ್ಟ್ ವಿಟ್‌ಮನ್ ಅವರಿಂದ ತೊಡಗಿ, ಸುಲಭವಾಗಿ ಅರ್ಥಕ್ಕೆ ದಕ್ಕದ ಪ್ರಯೋಗಶೀಲ ಕವಿಗಳವರೆಗೆ ಅದರ ಪಠ್ಯ ಹರಡಿಕೊಂಡಿದೆ.

ಈ ಕೋರ್ಸಿನ ವಿನ್ಯಾಸದಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಇಲ್ಲಿನ ವಿಡಿಯೋಗಳು ಉಪನ್ಯಾಸಗಳಲ್ಲ. ಪ್ರಾಧ್ಯಾಪಕರು ಕೆಲವು ಯುವ ಓದುಗರೊಡನೆ ಮೇಜಿನ ಸುತ್ತ ಕುಳಿತು ಒಂದೊಂದೇ ಕವಿತೆಯನ್ನು ಪದಪದವಾಗಿ ಓದುತ್ತಾರೆ. ಅಲ್ಲಿ ತಡವರಿಕೆ ಇದೆ, ಭಿನ್ನಾಭಿಪ್ರಾಯವಿದೆ. ಓದುವ ಕ್ರಿಯೆಯೇ ವೀಕ್ಷಕನ ಕಣ್ಣೆದುರು ನಡೆಯುವುದರಿಂದ ಆತನೂ ಆ ಮೇಜಿನ ಬಳಿ ಕುಳಿತವನಾಗುತ್ತಾನೆ. ಎರಡನೆಯದು, ಕಲಿಕೆದಾರರು ಬರೆದ ಪ್ರಬಂಧಗಳನ್ನು ಸಹಾಧ್ಯಾಯಿಗಳೇ ಓದಿ ಪರಾಮರ್ಶಿಸುತ್ತಾರೆ. ಸಾವಿರಾರು ಪ್ರಬಂಧಗಳನ್ನು ಒಬ್ಬ ಅಧ್ಯಾಪಕ ಓದಲಾರನೆಂಬ ಮಿತಿಯೇ ಇಲ್ಲಿ ಬೋಧನೆಯ ಸಾಧನವಾಗಿ ಮಾರ್ಪಟ್ಟಿದೆ. ಮೂರನೆಯದು, ಕೋರ್ಸಿಗೆ ವಿಶ್ವವಿದ್ಯಾಲಯದ ಆವರಣದಲ್ಲಿ ಕೆಲ್ಲಿ ರೈಟರ್ಸ್ ಹೌಸ್ ಎಂಬ ನಿಜವಾದ ನೆಲೆಯಿದೆ. ಅಲ್ಲಿಂದ ನೇರ ಪ್ರಸಾರಗಳು ನಡೆದು, ದೂರದ ಕಲಿಕೆದಾರರೂ ಅವುಗಳಲ್ಲಿ ಪಾಲ್ಗೊಳ್ಳುತ್ತಾರೆ.

ವೈದ್ಯ, ಗೃಹಿಣಿ, ತಂತ್ರಜ್ಞ, ನಿವೃತ್ತ ನೌಕರ ಮೊದಲಾದವರೆಲ್ಲ ಇಂತಹ ಪಾಠದಲ್ಲಿ ಒಂದಾಗಲು ಕಾರಣವೆಂದರೆ, ಅದು ಪೂರ್ವಜ್ಞಾನವನ್ನು ಬೇಡುವುದಿಲ್ಲ, ಗಮನವನ್ನು ಬೇಡುತ್ತದೆ. ಸಾಹಿತ್ಯ ಚರಿತ್ರೆಯನ್ನು ಕಾಲಾನುಕ್ರಮದಲ್ಲಿ ಒಪ್ಪಿಸುವ ಪಾಠಕ್ಕೆ ಈ ಗುಣ ದಕ್ಕುವುದು ಕಷ್ಟ. ಅಂತರ್‌ಶಿಸ್ತೀಯ ಆಕರ್ಷಣೆಯೆಂದರೆ ವಿಷಯವನ್ನು ತೆಳುವಾಗಿಸುವುದಲ್ಲ, ಪ್ರವೇಶದ್ವಾರವನ್ನು ಅಗಲಗೊಳಿಸುವುದು ಎಂಬ ತೀರ್ಮಾನಕ್ಕೆ ಈ ನಿದರ್ಶನವು ಪುಷ್ಟಿ ನೀಡುತ್ತದೆ.

4. ಗಾತ್ರ, ಅವಧಿ ಮತ್ತು ಸಾಧನ

ಗಾತ್ರವು ದೊಡ್ಡದಾದಂತೆ ವಿನ್ಯಾಸದ ಸಣ್ಣ ಲೋಪವೂ ದೊಡ್ಡ ಅನಾಹುತವಾಗಬಲ್ಲದು. 2013ರ ಆರಂಭದಲ್ಲಿ ಜಾರ್ಜಿಯಾ ಟೆಕ್ ಸಂಸ್ಥೆಯ ಮೂಲಕ ಕೋರ್ಸೆರಾದಲ್ಲಿ ಆರಂಭವಾದ ಒಂದು ಕೋರ್ಸು ಒಂದು ವಾರದೊಳಗೇ ಸ್ಥಗಿತಗೊಂಡಿತು. ಅದಕ್ಕೆ ಸೇರಿದ್ದವರು ಸುಮಾರು 40,000 ಮಂದಿ. ಅವರನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಲು, ಎಲ್ಲರೂ ತಮ್ಮ ಹೆಸರನ್ನು ತಾವೇ ತುಂಬಬೇಕಾದ ಒಂದು ಆನ್‌ಲೈನ್ ಪಟ್ಟಿಯನ್ನು ಬಳಸಲಾಗಿತ್ತು. ಏಕಕಾಲದಲ್ಲಿ ಕೆಲವೇ ಜನ ತಿದ್ದಬಹುದಾದ ಪಟ್ಟಿ ಅಷ್ಟು ಜನರ ಭಾರಕ್ಕೆ ಕುಸಿಯಿತು. ಆ ಕೋರ್ಸಿನ ವಿಷಯ ಆನ್‌ಲೈನ್ ಶಿಕ್ಷಣದ ಯೋಜನೆ ಮತ್ತು ಅನ್ವಯ ಎಂಬುದು ವಿಪರ್ಯಾಸ. ಮೂವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಫಲಿಸುವ ಕ್ರಮವೊಂದು ನಲವತ್ತು ಸಾವಿರ ಜನರಲ್ಲಿಯೂ ಫಲಿಸುತ್ತದೆಂದು ಭಾವಿಸುವಂತಿಲ್ಲ.

ಪಾಠದ ಅವಧಿಯೂ ಇಷ್ಟೇ ಮುಖ್ಯವಾದುದು. ಎಡ್‌ಎಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ ವಿಡಿಯೋ ವೀಕ್ಷಣೆಯ 69 ಲಕ್ಷ ಪ್ರಸಂಗಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿಡಿಯೋ ಎಷ್ಟೇ ಉದ್ದವಿದ್ದರೂ ಕಲಿಕೆದಾರರು ಅದರಲ್ಲಿ ತೊಡಗುವ ಮಧ್ಯಕ ಅವಧಿ ಆರು ನಿಮಿಷ ಮೀರುವುದಿಲ್ಲವೆಂದು ತೋರಿಸಿತು. ತರಗತಿಯ ದೀರ್ಘ ಉಪನ್ಯಾಸವನ್ನು ಚಿತ್ರೀಕರಿಸಿ, ಬಳಿಕ ತುಂಡರಿಸಿ ಹಾಕಿದರೆ ಅಷ್ಟಾಗಿ ಫಲಿಸದೆಂಬುದೂ ಅದರ ತೀರ್ಮಾನಗಳಲ್ಲೊಂದು. ಅರ್ಥಾತ್, ಆರು ನಿಮಿಷದ ಪಾಠವೆಂದರೆ ಒಂದು ಗಂಟೆಯ ಪಾಠದ ಹತ್ತನೆಯ ಒಂದು ಭಾಗವಲ್ಲ. ಅದು ಬೇರೆಯೇ ಒಂದು ಪ್ರಕಾರ. ಕಾದಂಬರಿಯ ಅಧ್ಯಾಯವೊಂದನ್ನು ಕಿತ್ತು ತೆಗೆದರೆ ಅದು ಸಣ್ಣಕತೆಯಾಗುವುದಿಲ್ಲ.

ಅಲ್ಪಾವಧಿಯ ಕೋರ್ಸಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದು ಸೆಮಿಸ್ಟರಿನ ಪಠ್ಯವನ್ನು ಆರು ವಾರಕ್ಕೆ ಹಿಂಡುವುದರಿಂದ ಅಲ್ಪಾವಧಿ ಕೋರ್ಸು ಸಿದ್ಧವಾಗುವುದಿಲ್ಲ. ಒಂದು ಪ್ರಶ್ನೆ, ಆಯ್ದ ಕೆಲವು ಪಠ್ಯಗಳು, ಕಲಿಕೆದಾರ ತಾನೇ ಮಾಡಬೇಕಾದ ಒಂದು ಕೆಲಸ — ಈ ಮೂರು ಅಲ್ಲಿನ ಕನಿಷ್ಠ ಘಟಕಗಳು.

5. ಮಿತಿಗಳು ಮತ್ತು ಆತಂಕಗಳು

ಈ ಮಾದರಿಯನ್ನು ನಿರ್ವಿಮರ್ಶಾತ್ಮಕವಾಗಿ ಸ್ವಾಗತಿಸುವುದೂ ಉಚಿತವಲ್ಲ. ಹಾರ್ವರ್ಡ್ ಮತ್ತು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗಳು ಎಡ್‌ಎಕ್ಸ್‌ನಲ್ಲಿ ನೀಡಿದ ಕೋರ್ಸುಗಳ 2012ರಿಂದ 2018ರವರೆಗಿನ ದತ್ತಾಂಶವನ್ನು ಆಧರಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2017–18ರಲ್ಲಿ ಕೋರ್ಸು ಪೂರೈಸಿದವರ ಪ್ರಮಾಣ ಶೇ. 3.13 ಮಾತ್ರ. ಬಹುಪಾಲು ಕಲಿಕೆದಾರರು ಮೊದಲ ವರ್ಷದ ಬಳಿಕ ಹಿಂದಿರುಗಲೇ ಇಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೋರ್ಸುಗಳನ್ನು ಕುರಿತು 2013ರಲ್ಲಿ ನಡೆದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ. 80ಕ್ಕೂ ಹೆಚ್ಚು ಮಂದಿ ಅದಾಗಲೇ ಪದವಿ ಪಡೆದವರಾಗಿದ್ದರು. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಹೊರಗುಳಿದವರೆಲ್ಲ ಒಳಬರುವುದಿಲ್ಲವೆಂಬ ಕಹಿಸತ್ಯವನ್ನು ಈ ಅಂಕಿಗಳು ಹೇಳುತ್ತವೆ.

ಇನ್ನೊಂದು ಆತಂಕ ಅಧ್ಯಾಪಕನ ಸ್ಥಾನವನ್ನು ಕುರಿತದ್ದು. ಹಾರ್ವರ್ಡಿನ ಮೈಕೆಲ್ ಸ್ಯಾಂಡೆಲ್ ಅವರ ನ್ಯಾಯತತ್ವವನ್ನು ಕುರಿತ ಪ್ರಸಿದ್ಧ ಕೋರ್ಸನ್ನು ತಮ್ಮ ತರಗತಿಗಳಲ್ಲಿ ಬಳಸಲು 2013ರಲ್ಲಿ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದ ಅಧ್ಯಾಪಕರು ನಿರಾಕರಿಸಿ ಬಹಿರಂಗ ಪತ್ರ ಬರೆದರು. ಸಾಮಾಜಿಕ ನ್ಯಾಯವನ್ನು ಕುರಿತ ಒಂದೇ ಪಾಠವನ್ನು ದೇಶದ ಎಲ್ಲ ವಿಭಾಗಗಳೂ ಬೋಧಿಸುವ ಸ್ಥಿತಿ ಭಯಾನಕವಾದುದೆಂದೂ, ಸಿರಿವಂತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಜೀವಂತ ಅಧ್ಯಾಪಕ, ಉಳಿದವರಿಗೆ ವಿಡಿಯೋ ಎಂಬ ಎರಡು ವರ್ಗಗಳು ಏರ್ಪಡುತ್ತವೆಂದೂ ಅವರು ವಾದಿಸಿದರು. ತಮ್ಮ ಕೋರ್ಸು ಸಹೋದ್ಯೋಗಿಗಳ ಸ್ಥಾನವನ್ನು ಕುಗ್ಗಿಸಲು ಬಳಕೆಯಾಗಬಾರದೆಂಬುದೇ ಸ್ಯಾಂಡೆಲ್ ಅವರ ಪ್ರತಿಕ್ರಿಯೆಯೂ ಆಗಿತ್ತು. ಈ ವಾಗ್ವಾದವು ಅಮೆರಿಕದ ಒಂದು ವಿಭಾಗಕ್ಕೆ ಸೀಮಿತವಾದುದಲ್ಲ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರ ಪ್ರಶ್ನೆಯೂ ಅದರೊಳಗೆ ಅಡಗಿದೆ.

6. ಭಾರತದ ಸಂದರ್ಭ

ಭಾರತದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಯೋಜನೆಯು 2003ರಲ್ಲಿ ಕಾರ್ಯಾರಂಭ ಮಾಡಿ, 2014ರಿಂದ ಪ್ರಮಾಣಪತ್ರ ಸಹಿತ ಆನ್‌ಲೈನ್ ಕೋರ್ಸುಗಳನ್ನು ನೀಡುತ್ತಿದೆ. 2017ರ ಜುಲೈ 9ರಂದು ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರು ‘ಸ್ವಯಂ’ ವೇದಿಕೆಯನ್ನು ಉದ್ಘಾಟಿಸಿದರು. ವಿಡಿಯೋ ಪಾಠ, ಓದುಸಾಮಗ್ರಿ, ಸ್ವಯಂ ಮೌಲ್ಯಮಾಪನ, ಚರ್ಚಾವೇದಿಕೆ ಎಂಬ ನಾಲ್ಕು ಪಾದಗಳ ಮೇಲೆ ಇದರ ಕೋರ್ಸುಗಳು ನಿಂತಿವೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯು ಇದರ ರಾಷ್ಟ್ರೀಯ ಸಂಯೋಜಕ ಸಂಸ್ಥೆಗಳಲ್ಲಿ ಒಂದು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರವರೆಗೆ ಸ್ವಯಂ ಮೂಲಕ ಪಡೆಯಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2016ರ ನಿಯಮಾವಳಿಯಲ್ಲಿ ಅನುಮತಿಸಿತು. 2021ರಲ್ಲಿ ಈ ಮಿತಿಯನ್ನು ಶೇ. 40ಕ್ಕೆ ಏರಿಸಲಾಯಿತು.

ಈ ಏರಿಕೆಯ ಮಹತ್ವವನ್ನು ಕನ್ನಡ ವಿಭಾಗಗಳು ಮನಗಾಣಬೇಕಾಗಿದೆ. ವಿದ್ಯಾರ್ಥಿಯ ವ್ಯಾಸಂಗದ ಐದನೆಯ ಎರಡು ಭಾಗದಷ್ಟು ಅವನ ಕಾಲೇಜಿನ ಹೊರಗೆ, ಪ್ರಧಾನವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ರೂಪುಗೊಂಡ ಪಾಠಗಳಿಂದ ತುಂಬಬಹುದಾದ ಅವಕಾಶ ಇಲ್ಲಿದೆ. ಎನ್‌ಪಿಟಿಇಎಲ್ ತನ್ನ ಪಾಠಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದಿಸುವ ಕಾರ್ಯವನ್ನು ಕೈಗೊಂಡಿರುವುದು ಸ್ವಾಗತಾರ್ಹ. ಆದರೆ ಬೇರೆಡೆ ಕೇಳಿದ ಪ್ರಶ್ನೆಗೆ ಬೇರೆಡೆ ಸಿದ್ಧವಾದ ಉತ್ತರವನ್ನು ಕನ್ನಡದಲ್ಲಿ ಒದಗಿಸಿದರೆ ಕನ್ನಡವು ತಲುಪಿಸುವ ಭಾಷೆಯಾಗುತ್ತದೆಯೇ ಹೊರತು ಆಲೋಚಿಸುವ ಭಾಷೆಯಾಗುವುದಿಲ್ಲ. ಕನ್ನಡದ ಸಾಮಗ್ರಿಯಿಂದಲೇ ಹುಟ್ಟಿದ, ಇತರ ಶಿಸ್ತಿನವರೂ ಬಯಸಿ ಬರುವ ಕೋರ್ಸುಗಳು ಇಲ್ಲಿ ಅಗತ್ಯವಾಗಿವೆ.

7. ಒಂದು ಮಾದರಿ: ‘ಕೆರೆ’

ಮೇಲೆ ಗುರುತಿಸಿದ ತತ್ವಗಳಿಗೆ ಅನುಸಾರವಾಗಿ ಕನ್ನಡ ವಿಭಾಗವೊಂದು ರೂಪಿಸಬಹುದಾದ ಆರು ವಾರಗಳ ಕೋರ್ಸಿನ ನಕ್ಷೆಯನ್ನು ಇಲ್ಲಿ ಸೂಚಿಸಬಹುದು. ‘ಕೆರೆಯನ್ನು ಕಟ್ಟಿದವರು ಯಾರು, ಉಳಿಸಬೇಕಾದವರು ಯಾರು?’ ಎಂಬುದು ಅದರ ಕೇಂದ್ರ ಪ್ರಶ್ನೆ. ಈ ಪ್ರಶ್ನೆಯನ್ನು ಸಾಹಿತ್ಯದ ವಿದ್ಯಾರ್ಥಿ, ಸಿವಿಲ್ ಎಂಜಿನಿಯರ್, ಕೃಷಿಕ, ಕಾನೂನು ವಿದ್ಯಾರ್ಥಿ ಎಲ್ಲರೂ ತಮ್ಮ ತಮ್ಮ ನೆಲೆಯಿಂದ ಕೇಳಿಕೊಳ್ಳಬಲ್ಲರು.

ಮೊದಲ ವಾರ ಕಲಿಕೆದಾರರು ತಮ್ಮ ಊರಿನ ಕೆರೆಯೊಂದನ್ನು ನೋಡಿ ಬಂದು, ಏರಿ, ತೂಬು, ಕೋಡಿಗಳ ಇಂದಿನ ಸ್ಥಿತಿಯನ್ನೂ ಅವುಗಳಿಗೆ ಸ್ಥಳೀಯರು ಬಳಸುವ ಹೆಸರುಗಳನ್ನೂ ದಾಖಲಿಸಬೇಕು. ಎರಡನೆಯ ವಾರ ಶಾಸನಗಳದು. ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ್ದನ್ನು ಹೇಳುವ ತಾಳಗುಂದದ ಸ್ತಂಭಶಾಸನ, ಕೆರೆಗೆ ಇರಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಪಟ್ಟಿಮಾಡುವ, ವಿಜಯನಗರ ಕಾಲದ 1369ರ ಪೋರುಮಾಮಿಳ್ಳ ಶಾಸನ ಇಲ್ಲಿನ ಪಠ್ಯಗಳು. ಎರಡನೆಯದು ಇಂದಿನ ಆಂಧ್ರಪ್ರದೇಶದಲ್ಲಿದ್ದು, ಸಾವಿರ ಆಳುಗಳು ಎರಡು ವರ್ಷ ದುಡಿದ ಲೆಕ್ಕವನ್ನೂ ಕೊಡುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಯು ಶಾಸನವನ್ನೂ, ಶಾಸನದ ವಿದ್ಯಾರ್ಥಿಯು ಎಂಜಿನಿಯರಿಂಗನ್ನೂ ಅನಿವಾರ್ಯವಾಗಿ ಓದಬೇಕಾದ ಪಠ್ಯವಿದು. ಎರಡೂ ಸಂಸ್ಕೃತದಲ್ಲಿರುವುದರಿಂದ ಕನ್ನಡ ಅನುವಾದದೊಡನೆ ಅವನ್ನು ಒದಗಿಸಬೇಕಾಗುತ್ತದೆ.

ಮೂರನೆಯ ವಾರ ‘ಕೆರೆಗೆ ಹಾರ’ ಕಥನಗೀತೆ. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುವ ಈ ಕಥನವು, ಶಾಸನಗಳು ಹೊಗಳುವ ಕೆರೆ ಕಟ್ಟಿಸುವ ಪುಣ್ಯಕಾರ್ಯಕ್ಕೆ ತೆತ್ತ ಬೆಲೆ ಯಾರದೆಂದು ಕೇಳುತ್ತದೆ. ಶಾಸನ ಮತ್ತು ಜನಪದ ಗೀತೆಗಳನ್ನು ಅಕ್ಕಪಕ್ಕ ಇರಿಸಿ ಓದುವುದೇ ಆ ವಾರದ ಪಾಠ. ನಾಲ್ಕನೆಯ ವಾರ ಜಲಾನಯನ, ಹೂಳು, ಕೆರೆಗಳ ಸರಣಿ ಮೊದಲಾದ ವೈಜ್ಞಾನಿಕ ಸಂಗತಿಗಳು. ಐದನೆಯ ವಾರ ನೀರುಗಂಟಿಯ ಕೆಲಸ, ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿ, ಜಾತಿ ಮತ್ತು ನೀರಿನ ಹಕ್ಕು. ಆರನೆಯ ವಾರ ನಗರ. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ ಎದ್ದದ್ದು, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದು, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ್ದು ಅಲ್ಲಿನ ಚರ್ಚೆಯ ವಸ್ತುಗಳು.

ಈ ಕೋರ್ಸಿನ ನಿರ್ವಹಣೆಯಲ್ಲಿ ಕೆಲವು ಎಚ್ಚರಗಳು ಅವಶ್ಯಕ. ಕನ್ನಡ ಬೆರಳಚ್ಚು ಬಾರದವರು ಧ್ವನಿಮುದ್ರಣದ ಮೂಲಕವೂ ಉತ್ತರಿಸುವಂತಿರಬೇಕು. ವಿಡಿಯೋ ತೆರೆಯಲಾಗದ ಊರುಗಳಿಗಾಗಿ ಪ್ರತಿ ಪಾಠದ ಧ್ವನಿರೂಪ ಮತ್ತು ಬರಹರೂಪಗಳು ದೊರೆಯಬೇಕು. ಸಹಾಧ್ಯಾಯಿಗಳ ಪರಾಮರ್ಶೆಗೆ ‘ಚೆನ್ನಾಗಿದೆ’ ಎಂಬ ಒಂದು ಮಾತು ಸಾಲದು. ಬರಹದಲ್ಲಿ ಪಠ್ಯದ ಯಾವ ಭಾಗವನ್ನು ಆಧಾರವಾಗಿ ಬಳಸಲಾಗಿದೆ, ಯಾವ ಪ್ರಶ್ನೆ ಬಾಕಿ ಉಳಿದಿದೆ ಎಂಬಂತಹ ನಿಶ್ಚಿತ ಮಾರ್ಗಸೂಚಿ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಜಿಲ್ಲೆಯ ಕಾಲೇಜುಗಳ ಕನ್ನಡ ಅಧ್ಯಾಪಕರು ಸ್ಥಳೀಯ ಗುಂಪುಗಳ ಮಾರ್ಗದರ್ಶಕರಾಗಿ, ಗೌರವಯುತ ಸಂಭಾವನೆಯೊಡನೆ, ಕೋರ್ಸಿನ ಒಳಗೇ ಇರಬೇಕು. ಹೀಗಾದಾಗ ಸ್ಯಾನ್ ಹೋಸೆಯ ಅಧ್ಯಾಪಕರು ಎತ್ತಿದ ಆತಂಕಕ್ಕೆ ವಿನ್ಯಾಸದ ಹಂತದಲ್ಲಿಯೇ ಉತ್ತರ ದೊರೆತಂತಾಗುತ್ತದೆ.

8. ಸಮಾರೋಪ

ಒಟ್ಟಾರೆಯಾಗಿ, ಬೃಹತ್ ಆನ್‌ಲೈನ್ ಕೋರ್ಸುಗಳ ಚರಿತ್ರೆಯು ನೋಂದಣಿಯ ಸಂಖ್ಯೆಗಳ ಚರಿತ್ರೆಯಾಗಿ ಹೆಚ್ಚು ಪ್ರಚಾರ ಪಡೆದಿದ್ದರೂ, ಅದರ ನಿಜವಾದ ಪಾಠವಿರುವುದು ವಿನ್ಯಾಸದಲ್ಲಿ. ಹಂಚಿಕೊಳ್ಳಬಲ್ಲ ಪ್ರಶ್ನೆ, ಪೂರ್ವಜ್ಞಾನವನ್ನು ಬೇಡದ ಪ್ರವೇಶ, ಕಲಿಕೆದಾರ ತಾನೇ ಮಾಡುವ ಕೆಲಸ, ಸ್ಥಳೀಯ ಅಧ್ಯಾಪಕನ ಪಾಲು ಎಂಬ ನಾಲ್ಕು ಅಂಶಗಳು ಕೂಡಿದಾಗ ಮಾತ್ರ ಅಲ್ಪಾವಧಿಯ ಕೋರ್ಸೊಂದು ಶಿಸ್ತುಗಳ ಗಡಿಯನ್ನು ದಾಟಬಲ್ಲದು. ಶಾಸನ, ಕಾವ್ಯ, ಜಾನಪದ, ಭಾಷಾವಿಜ್ಞಾನಗಳನ್ನು ಒಂದೇ ಸೂರಿನಡಿ ಓದುತ್ತ ಬಂದ ಕನ್ನಡ ಅಧ್ಯಯನ ವಿಭಾಗಗಳಿಗೆ ಅಂತರ್‌ಶಿಸ್ತೀಯತೆ ಹೊರಗಿನಿಂದ ಕಲಿಯಬೇಕಾದ ವಿದ್ಯೆಯಲ್ಲ. ಆ ಓದನ್ನು ವಿಭಾಗದ ಹೊರಗಿನವರಿಗೂ ತೆರೆದಿಡುವ ಕೆಲಸ ಬಾಕಿಯಿದೆ. ಕನ್ನಡ ವಿಭಾಗಗಳು ಅದನ್ನು ಕೈಗೊಳ್ಳದಿದ್ದರೆ ಶೇ. 40ರ ಆ ಅವಕಾಶ ಖಾಲಿ ಉಳಿಯುವುದಿಲ್ಲ. ಬೇರೆಯವರ ಪ್ರಶ್ನೆಗಳಿಂದ ತುಂಬಿಕೊಳ್ಳುತ್ತದೆ.